ಬನ್ನಿಗೆ ಫಲಕ ಇತ್ತು, ಜಾಲಿಗಿರಲಿಲ್ಲ

ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಪಕ್ಕ ಸೈಕಲ್ ಹೊಡೆಯುವಾಗ ನನ್ನ ಕಣ್ಣು ನೆಲ ಬಿಟ್ಟು ಏಳುವುದಿಲ್ಲ. ಮುಳ್ಳಿನ ಭಯ. ಅವತ್ತು ನೀರು ಕುಡಿಯಲು ನಿಂತಾಗ ಹೊಂಗೆ ಮರದಲ್ಲಿ ಅಂಗೈಯಗಲದ ತಗಡಿನ ಫಲಕ ಕಾಣಿಸಿತು. ಮೇಲೆ ಹೊಂಗೆ, ಕೆಳಗೆ ವೈಜ್ಞಾನಿಕ ಹೆಸರು, ಪೊಂಗಾಮಿಯಾ ಪಿನ್ನಾಟಾ. ಪಕ್ಕದ ಮರಕ್ಕೂ ಒಂದು. ಅದರಾಚೆಯದಕ್ಕೂ.

ಮೊಳೆ ಹೊಡೆಯದಿದ್ದದ್ದು ಖುಷಿಯಾಯಿತು. ತಂತಿಗೆ ಸಣ್ಣ ಸ್ಪ್ರಿಂಗ್ ಸೇರಿಸಿ ಕಾಂಡದ ಸುತ್ತ ಕಟ್ಟಿದ್ದರು. ಮರ ದಪ್ಪಗಾದ ಹಾಗೆ ಸ್ಪ್ರಿಂಗ್ ಹಿಗ್ಗುತ್ತದೆ. ಬರೀ ತಂತಿ ಬಿಗಿದರೆ ಬರಬರುತ್ತಾ ತೊಗಟೆಯೊಳಗೆ ಹೂತು ಮರದ ಕುತ್ತಿಗೆ ಹಿಸುಕಿಬಿಡುತ್ತದೆ. ಕಟ್ಟಿದವರು ಯಾರೋ, ಮರ ಬಲ್ಲವರೇ ಇರಬೇಕು.

ಬೇವು, ಹುಣಸೆಗೆ ಫಲಕ ಬೇಕಿರಲಿಲ್ಲ ಬಿಡಿ. ಕಮರದ ಹತ್ತಿರ ಮಾತ್ರ ಇಳಿದೆ. ಕಲ್ಲುಗುಡ್ಡದ ಬುಡದಲ್ಲಿ ಎಷ್ಟೋ ಸಲ ಕಂಡ ಮರ, ಹೆಸರು ಗೊತ್ತಾದದ್ದು ಈಗ. ಎರಡೇ ಹೋಳಿನ ಎಲೆ, ಹಸಿ ಮಣ್ಣಿನಲ್ಲಿ ಮೇಕೆ ಗೊರಸು ಊರಿದ ಗುರುತಿನ ಹಾಗೆ. ಇದರ ಕಟ್ಟಿಗೆ ನಮ್ಮ ದೇಶದ ತೀರಾ ಗಟ್ಟಿ, ಭಾರದ ಕಟ್ಟಿಗೆಗಳಲ್ಲೊಂದು.

ಮುಂದೆ ಸಿಕ್ಕಿದ್ದು ಬನ್ನಿ ಮರ. ಬುಡದಲ್ಲಿ ಅರಿಶಿನ ಕುಂಕುಮ, ಮೇಲೆ ಫಲಕ: ಪ್ರೊಸೋಪಿಸ್ ಸಿನರೇರಿಯಾ. ದಸರೆಯಲ್ಲಿ 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಅಂತ ಕೈಗೆ ಕೊಡುವುದು ಇದರ ಎಲೆಯನ್ನೇ. ಈ ಪ್ರೊಸೋಪಿಸ್ ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ಮೊಬೈಲ್ ತೆಗೆದೆ. ಬಳ್ಳಾರಿ ಜಾಲಿ! ಪ್ರೊಸೋಪಿಸ್ ಜೂಲಿಫ್ಲೋರಾ. ಎರಡನ್ನೂ ಬಹಳ ಕಾಲ ಒಂದೇ ಕುಲದಲ್ಲಿ ಎಣಿಸುತ್ತಿದ್ದರಂತೆ, ಜಾಲಿಯನ್ನು ಬೇರೆ ಮಾಡಿದ್ದು ಇತ್ತೀಚೆಗೆ. ಒಂದಕ್ಕೆ ಪೂಜೆ, ಇನ್ನೊಂದಕ್ಕೆ ಕೊಡಲಿ. ಜಾಲಿ 19ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದದ್ದು. ಹೊಲ, ಕೆರೆ ಅಂಗಳ ಒಂದನ್ನೂ ಬಿಟ್ಟಿಲ್ಲ, ಸರಿ. ಆದರೆ ನಮ್ಮೂರ ಕಡೆ ಎಷ್ಟು ಒಲೆ ಉರಿದದ್ದು ಇದರಿಂದಲೇ ಅಲ್ವಾ? ಆ ದಾರಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದೂ ಅದೇ. ಒಂದಕ್ಕೂ ಫಲಕ ಇರಲಿಲ್ಲ.

ಮೇಕೆ ಕಾಯುವ ಅಜ್ಜ ನನ್ನನ್ನೇ ನೋಡುತ್ತಿದ್ದ. "ಗಿಡದಾಗ ಏನ್ ಓದಾಕತ್ತೀರಿ?" ಅಂದ. ಅವನ ಮೇಕೆಗಳು ಜಾಲಿಯ ಸಿಹಿ ಕಾಯಿ ಕುರುಕುತ್ತಿದ್ದವು. ನಾಳೆ ಹಿಕ್ಕೆ ಬಿದ್ದಲ್ಲೆಲ್ಲ ಮತ್ತೆ ಜಾಲಿಯೇ.

"ಇದಕ್ಯಾಕ ಬೋರ್ಡ್ ಹಾಕಿಲ್ಲ ಅಜ್ಜಾ?"

"ಅದಕ್ಕ ಬೋರ್ಡ್ ಯಾಕ್ರಿ? ಚುಚ್ಚಿದ್ರ ತಾನ ಹೆಸರ ಹೇಳ್ತೈತಿ."

ಸೈಕಲ್ ಹತ್ತಿ ಸ್ವಲ್ಪ ದೂರ ಹೋಗಿದ್ದೆ ಅಷ್ಟೇ, ಹಿಂದಿನ ಟೈರ್ ಹೆಸರು ಹೇಳಿತು. ಉಳಿದ ಫಲಕಗಳನ್ನು ಸೈಕಲ್ ತಳ್ಳಿಕೊಂಡೇ ಓದಿದೆ.