ಅದಿರಿನ ವ್ಯಾಗನ್ನಿಗೆ ಧೂಳು ಹಿಡಿಸುವ ಕೆಲಸ

ಬಳ್ಳಾರಿ–ಹೊಸಪೇಟೆ ಸೀಮೆಯಲ್ಲಿ ಕಬ್ಬಿಣದ ಅದಿರು ಹೊರುವ, ಮೇಲ್ಭಾಗ ತೆರೆದಿರುವ ಬಾಕ್ಸ್‌ಎನ್ ಎಂಬ ರೈಲು ವ್ಯಾಗನ್ನುಗಳನ್ನು ಎಚ್‌ಒ ಅಳತೆಗೆ, ಅಂದರೆ ನಿಜದ 87ನೇ ಒಂದು ಭಾಗಕ್ಕೆ ಇಳಿಸಿ, ಪ್ಲಾಸ್ಟಿಕ್ ಹಾಳೆಯಿಂದ ಕೈಯಾರೆ ಕಟ್ಟುವುದು ನನ್ನ ಸದ್ಯದ ಹವ್ಯಾಸ. ಒಂದು ತುದಿಯ ಕಪ್ಲರಿನಿಂದ (ವ್ಯಾಗನ್ನುಗಳನ್ನು ಜೋಡಿಸುವ ಕೊಂಡಿ) ಇನ್ನೊಂದು ತುದಿಯ ಕಪ್ಲರಿಗೆ 10,713 ಮಿ.ಮೀ. ಉದ್ದವಿರುವ ಈ ವ್ಯಾಗನ್ ಮಾದರಿಯಲ್ಲಿ 123 ಮಿ.ಮೀ. ಆಗುತ್ತದೆ. ನಮ್ಮ ಬ್ರಾಡ್‌ಗೇಜಿನ 1,676 ಮಿ.ಮೀ. ಅಂತರ ಲೆಕ್ಕದ ಪ್ರಕಾರ 19.3 ಮಿ.ಮೀ. ಆಗಬೇಕಿದ್ದರೂ ಅಂಗಡಿಯಲ್ಲಿ ಸಿಗುವ ಹಳಿಯ ಅಂತರ 16.5 ಮಿ.ಮೀ. ಮಾತ್ರ; ಪಕ್ಕದಿಂದ ನೋಡುವವರಿಗೆ ಇದು ತಿಳಿಯುವುದಿಲ್ಲವಾದ್ದರಿಂದ ನಾನು ಒಪ್ಪಿಕೊಂಡಿದ್ದೇನೆ.

ಪಕ್ಕದ ಗೋಡೆಗಳಿಗೆ ತೆಳುವಾದ ಹಾಳೆಯೇ ಆಗಬೇಕು. ನಿಜವಾದ ವ್ಯಾಗನ್ನಿನಲ್ಲಿ ಲಂಬ ಪಟ್ಟಿಗಳ ನಡುವಿನ ತಗಡು ವರ್ಷಗಟ್ಟಲೆ ಹೊರೆ ತಡೆದು ಹೊರಕ್ಕೆ ಉಬ್ಬಿರುತ್ತದೆ. ಪಟ್ಟಿಗಳನ್ನು ಅಂಟಿಸುವ ಮೊದಲೇ ಒಳಬದಿಯಿಂದ ಇಂಕು ಮುಗಿದ ಬಾಲ್‌ಪೆನ್ನಿನಿಂದ ಅಲ್ಲಲ್ಲಿ ಒತ್ತಿದರೆ ಆ ಉಬ್ಬು ಬರುತ್ತದೆ. ಬ್ರೇಕ್ ಪೈಪಿಗೆ ಹಳೆಯ ವಿದ್ಯುತ್ ವೈರಿನೊಳಗಿನ ತಾಮ್ರದ ಎಳೆ ಸಾಕು.

ಬಣ್ಣದ ವಿಷಯದಲ್ಲಿ ನನ್ನ ನಿಲುವು ಇಷ್ಟೇ: ಎಲ್ಲಿಂದ ಬಂತೆಂದು ಹೇಳಲಾಗದ ಕೊಳೆಯನ್ನು ಬಳಿಯಬಾರದು. ಅದಿರು ಬಲು ಭಾರವಾದ್ದರಿಂದ ಪೆಟ್ಟಿಗೆಯ ಅರ್ಧ ತುಂಬುವುದರೊಳಗೆ ತೂಕದ ಮಿತಿ ಮುಟ್ಟುತ್ತದೆ. ಹಾಗಾಗಿ ಒಳಗೋಡೆಯ ಕೆಳಭಾಗದಲ್ಲಿ ಕೆಂಪು ಪುಡಿ ದಟ್ಟವಾಗಿ ಮೆತ್ತಿಕೊಂಡಿದ್ದು, ಮೇಲ್ಭಾಗದಲ್ಲಿ ಬಣ್ಣ ಉದುರಿದ ತಗಡಿನ ಕಂದು ತುಕ್ಕು ಕಾಣಿಸುತ್ತದೆ. ಕಲ್ಲಿದ್ದಲಿನ ವ್ಯಾಗನ್ನಿನಲ್ಲಿ ಹೀಗಿರುವುದಿಲ್ಲ, ಅದು ಅಂಚಿನವರೆಗೂ ತುಂಬಿರುತ್ತದೆ. ಹೊರಗಡೆಯಾದರೋ, ಮೇಲಿನಿಂದ ಸುರಿಯುವಾಗ ಚೆಲ್ಲಿದ ಧೂಳು ಮೇಲಂಚಿನಲ್ಲಿ, ಬಾಗಿಲಿನ ಕೀಲುಗಳಲ್ಲಿ ಮತ್ತು ಬೋಗಿಯ, ಅಂದರೆ ವ್ಯಾಗನ್ನಿನಡಿ ಗಾಲಿಗಳನ್ನು ಹಿಡಿದಿರುವ ಭಾಗದ, ಚೌಕಟ್ಟಿನ ಮೇಲೆ ಕೂತು, ಮಳೆ ಬಂದಾಗ ಪಟ್ಟಿಗಳ ಗುಂಟ ಗೆರೆಗೆರೆಯಾಗಿ ಇಳಿಯುತ್ತದೆ. ಈ ಗೆರೆಗಳಿಗೆ ತೈಲವರ್ಣದ ಸಣ್ಣ ಚುಕ್ಕೆಗಳನ್ನಿಟ್ಟು, ಟರ್ಪೆಂಟೈನ್‌ನಲ್ಲಿ ಅದ್ದಿ ಒರೆಸಿದ ಚಪ್ಪಟೆ ಕುಂಚವನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಮಾತ್ರ ಎಳೆಯುತ್ತೇನೆ. ಎರಡನೆಯ ಸಲ ಎಳೆದರೆ ಗೆರೆ ಹೋಗಿ ಬರಿಯ ಮಸುಕು ಉಳಿಯುತ್ತದೆ.

ಧೂಳಿಗೆ ಸಂಡೂರಿನ ಮಣ್ಣನ್ನೇ ಬಳಸಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. 1 ಮಿ.ಮೀ. ಕಣವೊಂದು ಈ ಅಳತೆಯಲ್ಲಿ 87 ಮಿ.ಮೀ. ಕಲ್ಲಾಗುವುದರಿಂದ, ಎಷ್ಟು ಜರಡಿ ಹಿಡಿದರೂ ಅದು ಧೂಳಿನಂತೆ ಕಾಣುವುದಿಲ್ಲ. ಚಾಕ್ ಪೇಸ್ಟಲ್ ಕಡ್ಡಿಯನ್ನು ಉಪ್ಪುಕಾಗದಕ್ಕೆ ಉಜ್ಜಿ ತೆಗೆದ ಪುಡಿಯೇ ಮೇಲು. ಆದರೆ ಒಳಗಿನ ಅದಿರಿನ ರಾಶಿಗೆ ಅದೇ ಮಣ್ಣಿನ ಸಣ್ಣ ಕಣಗಳು ಹೇಳಿ ಮಾಡಿಸಿದಂತಿರುತ್ತವೆ. ಮ್ಯಾಟ್ ವಾರ್ನಿಷ್ ಹೊಡೆದ ಕೂಡಲೇ ಪುಡಿ ಅರ್ಧ ಮಾಯವಾಗುವುದರಿಂದ, ಕೈ ತಾಗದ ಬೋಗಿಗಳಿಗೆ ನಾನು ವಾರ್ನಿಷ್ ಹೊಡೆಯುವುದೇ ಇಲ್ಲ. ಗಾಲಿಯ ಹಳಿ ತಾಗುವ ಮೈ ಸದಾ ಉಜ್ಜಿ ಹೊಳೆಯುವಂಥದ್ದು, ಅಲ್ಲಿಗೆ ಬಣ್ಣ ಸೋಕಬಾರದು.

58 ವ್ಯಾಗನ್ನುಗಳ ಪೂರ್ಣ ರೇಕಿಗೆ (ಒಂದು ರೈಲಿನ ಇಡೀ ಸಾಲಿಗೆ) ಈ ಅಳತೆಯಲ್ಲೂ 7 ಮೀಟರಿಗಿಂತ ಹೆಚ್ಚು ಜಾಗ ಬೇಕಾಗುತ್ತದೆ. ಮನೆಯ ಮೇಜಿಗೆ ಎಂಟು ಸಾಕು. ಅವುಗಳಲ್ಲಿ ಒಂದನ್ನಾದರೂ ವರ್ಕ್‌ಶಾಪಿನಿಂದ ಈಗಷ್ಟೇ ಬಣ್ಣ ಬಳಿಸಿಕೊಂಡು ಬಂದದ್ದೆಂಬಂತೆ ಬಿಟ್ಟು, ಬೋಗಿಗೆ ಮಾತ್ರ ತುಸು ಕೆಂಪು ಹಿಡಿಸಿ ನಡುವೆ ಸೇರಿಸಬೇಕು.