ಹೊಸ ಬಟ್ಟೆ ಹಳೆಯದು ಮಾಡುವ ಓದು

"ಡಿಗ್ರಿ ಆದಮೇಲೆ ಏನು ಓದಿದೆ ಅಂತ ಎರಡು ಪುಟ ಬರೆದುಕೊಡಮ್ಮ, ಮ್ಯಾಗಜಿನ್‌ಗೆ ಹಾಕೋಣ" ಅಂತ ಕನ್ನಡ ಮೇಷ್ಟ್ರು ಫೋನ್ ಮಾಡಿದಾಗ ನಾನು ಶೂಟಿಂಗ್ ಜಾಗದಲ್ಲಿ, ವ್ಯಾನಿನ ಹಿಂದೆ ಕೂತು, ಆಗಷ್ಟೇ ಅಂಗಡಿಯಿಂದ ಬಂದ ಪಂಚೆಯನ್ನು ಕಲ್ಲಿಗೆ ತಿಕ್ಕುತ್ತಿದ್ದೆ. "ಏನಮ್ಮ ಅದು ಸದ್ದು?" ಅಂದರು. ಇದೇ ಸಾರ್ ನಾನು ಓದಿದ್ದು ಅಂದೆ. ನಕ್ಕರು. ತಮಾಷೆ ಅಂದುಕೊಂಡರೇನೋ.

ನಮ್ಮ ಕಾಲೇಜಿನಲ್ಲಿ ನಾಟಕ ಅಂದರೆ ಬಾಡಿಗೆ ಡ್ರೆಸ್. ಪೇಟೆಯ ಡ್ರಾಮಾ ಡ್ರೆಸ್ ಅಂಗಡಿಯಿಂದ ಒಂದು ಟ್ರಂಕು ಬರುತ್ತಿತ್ತು, ಅದರಲ್ಲಿ ಒಂದು ಕೆಂಪು ವೆಲ್ವೆಟ್ ಕೋಟು. ನಾನು ಫಸ್ಟ್ ಇಯರ್‌ನಲ್ಲಿದ್ದಾಗ ಅದನ್ನು ದುರ್ಯೋಧನ ಹಾಕಿಕೊಂಡ, ಮರುವರ್ಷ ಬಿಜ್ಜಳ, ಅದರ ಮರುವರ್ಷ ಯಾವನೋ ಸುಲ್ತಾನ. ಲೈನಿಂಗಿನಲ್ಲಿ ಮೂವರ ಬೆವರೂ ಇತ್ತು. ಆ ಕೋಟಿಗೆ ಬಿದ್ದುಹೋದ ಗುಂಡಿ ಹಚ್ಚುವ ಕೆಲಸ ನನ್ನದು. ಕಲೆಯ ಮೇಲಿನ ಪ್ರೀತಿಯೇನಲ್ಲ, ಪಾತ್ರ ಕೊಡಲಿಲ್ಲ ಅಂತ ಸಿಟ್ಟಿತ್ತು, ಸುಮ್ನೆ ಕೂರೋಕೆ ಆಗಲಿಲ್ಲ ಅಷ್ಟೇ.

ಆ ಗುಂಡಿಯೇ ಕೊನೆಗೆ ಉಪಯೋಗಕ್ಕೆ ಬಂತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಅರ್ಜಿ ಹಾಕಬೇಕಾದರೆ ಡಿಗ್ರಿ ಜೊತೆಗೆ ಆರು ನಾಟಕಗಳಲ್ಲಾದರೂ ಕೆಲಸ ಮಾಡಿರಬೇಕು. ನನ್ನ ಆರರಲ್ಲಿ ನಾಲ್ಕು ಇದೇ ಕಾಲೇಜಿನವು. ಬೆಂಗಳೂರಿನಲ್ಲಿ ಒಂದು ಸುತ್ತು, ದೆಹಲಿಯಲ್ಲಿ ಕೆಲವು ದಿನದ ಕಾರ್ಯಾಗಾರ, ಹೇಗೋ ಸೀಟು ಸಿಕ್ಕಿತು.

1959ರಲ್ಲಿ ಶುರುವಾದ ಶಾಲೆ ಅದು. ಮಂಡಿ ಹೌಸ್ ಹತ್ತಿರ, ಬಹಾವಲ್‌ಪುರ್ ಹೌಸ್ ಅನ್ನುವ ಹಳೇ ಕಟ್ಟಡದಲ್ಲಿದೆ. ರಂಗಸಂಗೀತಕ್ಕೆ ಹೆಸರಾದ ಬಿ.ವಿ. ಕಾರಂತರು ನಿರ್ದೇಶಕರಾಗಿದ್ದ ಜಾಗ, ಹಾಗಾಗಿ ನಾನು ಕರ್ನಾಟಕದವಳು ಅಂದಕೂಡಲೇ ಹಾಡು ಬರುತ್ತಾ ಅಂತ ಕೇಳೋರು. ನನಗೆ ಬರಲ್ಲ. ಮೂರು ವರ್ಷದ ಕೋರ್ಸು. ಮೊದಲ ವರ್ಷ ಎಲ್ಲರೂ ಎಲ್ಲವನ್ನೂ ಕಲಿಯಬೇಕು, ಎರಡನೇ ವರ್ಷ ಅಭಿನಯ, ವಿನ್ಯಾಸ, ಇಂಥದ್ದರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನಾನು ವಿನ್ಯಾಸ ತಗೊಂಡೆ, ಅದರಲ್ಲೂ ಬಟ್ಟೆಗೇ ಅಂಟಿಕೊಂಡೆ.

"ಹೊಲಿಗೆ ಕಲಿಯೋಕೆ ದೆಹಲಿ ಯಾಕೆ, ನಮ್ಮ ಪಕ್ಕದ ಬೀದಿಯಲ್ಲೇ ಕಲಿಸ್ತಾರಲ್ಲೇ" ಅಂದರು ನಮ್ಮತ್ತೆ. ಭಾರತದವರಿಗೆ ಮೊದಲು ಆಸ್ಕರ್ ಬಂದಿದ್ದೇ ಬಟ್ಟೆಗೆ ಅತ್ತೆ, 1983ರಲ್ಲಿ, ‘ಗಾಂಧಿ’ ಸಿನಿಮಾಕ್ಕೆ, ಭಾನು ಅಥೈಯಾ ಅಂತ, ಜಾನ್ ಮೊಲ್ಲೊ ಜೊತೆ ಹಂಚಿಕೊಂಡರು ಅಂತೆಲ್ಲಾ ಹೇಳಿದೆ. "ಗಾಂಧಿಗೆ ಒಂದು ಪಂಚೆ ತಾನೇ?" ಅಂದರು. ವೈಶಾಲಿ ಕಾಸರವಳ್ಳಿಯವರಿಗೆ ‘ತಾಯಿ ಸಾಹೇಬ’ದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಬಂದಿದ್ದನ್ನು ಹೇಳಿದ ಮೇಲೆ, ಅವರನ್ನು ಟಿವಿಯಲ್ಲಿ ನೋಡಿದ್ದರಿಂದ, ಸ್ವಲ್ಪ ಮೆತ್ತಗಾದರು.

ಒಂದು ಪಂಚೆ ತಾನೇ ಅನ್ನೋದಿದೆಯಲ್ಲ, ನಾನು ಬಿದ್ದಿದ್ದು ಅಲ್ಲೇ. ನನಗೆ ಚಿತ್ರ ಚೆನ್ನಾಗಿ ಬರುತ್ತಿತ್ತು. ರಾಜ, ರಾಣಿ, ಸೈನಿಕ, ಯಾರನ್ನು ಬೇಕಾದರೂ ಕಾಗದದ ಮೇಲೆ ನಿಲ್ಲಿಸುತ್ತಿದ್ದೆ. ಹೀಗಿರುವಾಗ ಕೂಲಿಯವನ ಶರ್ಟು ಮಾಡಿ ತನ್ನಿ, ಹತ್ತು ವರ್ಷ ಹಾಕಿಕೊಂಡ ಹಾಗಿರಬೇಕು ಅಂದರು ಮೇಡಂ. ಹೊಸ ಶರ್ಟು ತಂದು ಒಂದು ರಾತ್ರಿಯೆಲ್ಲಾ ಮರಳು ಕಾಗದದಲ್ಲಿ ಉಜ್ಜಿದೆ. ಬೆಳಿಗ್ಗೆ ಟೇಬಲ್ಲಿನ ಮೇಲೆ ಹಾಸಿ ನೋಡಿದರು. "ಇವನು ಹೊರೆ ಯಾವ ಭುಜದ ಮೇಲೆ ಹೊರುತ್ತಾನೆ?" ಹಿಂದಿಯಲ್ಲಿ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಶರ್ಟು ಎಲ್ಲಾ ಕಡೆ ಒಂದೇ ಸಮ ಸವೆದಿತ್ತು, ಎರಡೂ ಭುಜ, ಬೆನ್ನು, ಕೊನೆಗೆ ಕಾಲರಿನ ಕೆಳಗಡೆ ಕೂಡ.

ನಮ್ಮಪ್ಪ ಬಸ್ ಕಂಡಕ್ಟರ್. ಅವರ ಖಾಕಿ ಶರ್ಟಿನಲ್ಲಿ ಚೀಲದ ಪಟ್ಟಿ ಕೂರುವ ಎಡ ಭುಜ ಮಾತ್ರ ಬೆಳ್ಳಗಾಗಿತ್ತು, ಜೇಬಿನ ತಳದಲ್ಲಿ ಪೆನ್ನಿನ ಇಂಕು, ಕಾಲರು ಒಂದು ಸಲ ಬಿಚ್ಚಿ ತಿರುಗಿಸಿ ಹೊಲಿಸಿದ್ದು. ಇಪ್ಪತ್ತು ವರ್ಷ ಕಣ್ಣೆದುರಿಗಿದ್ದ ಶರ್ಟು, ದೆಹಲಿಗೆ ಹೋದಮೇಲೆ ನೋಡಿದೆ ನಾನು.

ಮತ್ತೆ ಮಾಡಿದೆ. ಮೊದಲು ಸೋಡಾ ಹಾಕಿ ಐದಾರು ಸಲ ಒಗೆದು ಬಟ್ಟೆಯ ಗಂಜಿ ಬಿಡಿಸಬೇಕು. ಒದ್ದೆ ಇರುವಾಗಲೇ ಜೇಬಿಗೆ ಕಲ್ಲು ತುಂಬಿ ನೇತು ಹಾಕಿದರೆ ಒಣಗುವ ಹೊತ್ತಿಗೆ ಜೇಬು ಜೋತುಬಿದ್ದಿರುತ್ತದೆ. ಟೀ ಡಿಕಾಕ್ಷನ್‌ನಲ್ಲಿ ಅದ್ದಿದರೆ ಬಿಳಿಯ ಹೊಳಪು ಸಾಯುತ್ತದೆ. ಹೊರೆ ಹೊರುವ ಭುಜಕ್ಕೆ ಮಾತ್ರ ಕಬ್ಬಿಣದ ಬ್ರಷ್ಷು. ಕಾಲರಿನ ಜಿಡ್ಡಿಗೆ ವ್ಯಾಸಲಿನ್ ಜೊತೆ ಮುಲ್ತಾನಿ ಮಿಟ್ಟಿ ಕಲಸಿ ಬೆರಳಲ್ಲಿ ತಿಕ್ಕಬೇಕು, ಕುತ್ತಿಗೆ ತಾಗುವಷ್ಟೇ ಜಾಗಕ್ಕೆ. ಮೇಡಂ ಈ ಸಲ ಏನೂ ಕೇಳಲಿಲ್ಲ, ಶರ್ಟನ್ನು ಸ್ಟೋರಿಗೆ ತಗೊಂಡು ಹೋದರು. ಅವರ ಹತ್ತಿರ ಅದೇ ಶಭಾಷ್.

ಕೆಲವು ಸಲ ಹಳೆಯದನ್ನೇ ಕೊಳ್ಳುವುದು ಸುಲಭ. ಪಶ್ಚಿಮ ದೆಹಲಿಯ ರಘುಬೀರ್ ನಗರದಲ್ಲಿ ಹಳೇ ಬಟ್ಟೆಯ ಸಂತೆ ಇದೆ, ಬೆಳಕು ಹರಿಯುವ ಮೊದಲೇ ಸೇರುತ್ತದೆ. ಗುಜರಾತಿನ ಕಡೆಯಿಂದ ಬಂದು ನೆಲೆಸಿದ ವಾಘ್ರಿ ಸಮುದಾಯದ ಹೆಂಗಸರು ಮನೆಮನೆಗೆ ಹೋಗಿ ಸ್ಟೀಲ್ ಪಾತ್ರೆ ಕೊಟ್ಟು ಹಳೇ ಬಟ್ಟೆ ತಂದಿರುತ್ತಾರೆ, ನಮ್ಮ ಊರುಗಳಲ್ಲೂ ಪಾತ್ರೆಯವರು ಬರ್ತಾರಲ್ಲ, ಅದೇ ಲೆಕ್ಕ. ಜನವರಿ ಚಳಿಯಲ್ಲಿ ನಾಲ್ಕು ಗಂಟೆಗೆ ಆಟೋದಲ್ಲಿ ಹೋಗಿ, ಟಾರ್ಚ್ ಬಿಟ್ಟು ಮೊಣಕೈ ಸವೆದ ಸ್ವೆಟರ್ ಹುಡುಕುತ್ತಿದ್ದೆವು. ಚೆನ್ನಾಗಿರೋದನ್ನು ತೋರಿಸಿದರೆ ಬೇಡ ಅಂತೀರಲ್ಲ ಅಂತ ಒಬ್ಬರು ಬೈದೂ ಬೈದರು.

ಪೆಟ್ಟು ತಿಂದಿದ್ದೂ ಇದೆ. ಒಂದು ನಾಟಕದ ಮೇಳಕ್ಕೆ ಮರೂನ್ ಬಟ್ಟೆ ಥಾನುಗಟ್ಟಲೆ ತಂದು ಹೊಲಿಸಿಬಿಟ್ಟೆ, ಲೈಟಿನವನನ್ನು ಒಂದು ಮಾತು ಕೇಳಲಿಲ್ಲ. ರಾತ್ರಿಯ ದೃಶ್ಯಕ್ಕೆ ಅವನು ನೀಲಿ ಹಾಕಿದ. ಕೆಂಪು ಛಾಯೆಯ ಬಟ್ಟೆ ನೀಲಿ ಬೆಳಕಲ್ಲಿ ಕಪ್ಪಾಗುತ್ತದೆ, ಹಿಂದಿನ ಪರದೆಯೂ ಕಪ್ಪು. ರಂಗದ ಮೇಲೆ ಹನ್ನೆರಡು ತಲೆಗಳು ಮಾತ್ರ ತೇಲಾಡುತ್ತಿದ್ದವು. ರಾತ್ರೋರಾತ್ರಿ ಬೂದು ಬಣ್ಣದ ಶಾಲು ಹೊದಿಸಿ ಮಾನ ಉಳಿಸಿಕೊಂಡೆವು.

ಸಿನಿಮಾದ ಪಾಠ ಬೇರೆ, ಅದನ್ನು ಕೆಲಸ ಮಾಡುತ್ತಲೇ ಕಲಿತೆ. ನಾಟಕದಲ್ಲಿ ಇಪ್ಪತ್ತು ಅಡಿ ದೂರಕ್ಕೆ ಕಾಣಬೇಕು, ಕ್ಯಾಮೆರಾಗೆ ಕಾಜಾದ ದಾರವೂ ಕಾಣುತ್ತದೆ. ಸಣ್ಣ ಗೆರೆಯ ಶರ್ಟು ಹಾಕಿಸಿದರೆ ಪರದೆಯಲ್ಲಿ ಗೆರೆ ಗಿಜಿಗಿಜಿ ಅಲ್ಲಾಡುತ್ತದೆ. ರಕ್ತದ ದೃಶ್ಯ ಇದ್ದರೆ ಒಂದೇ ಥರದ ಮೂರು ನಾಲ್ಕು ಅಂಗಿ ರೆಡಿ ಇರಬೇಕು, ನಾಲ್ಕೂ ಒಂದೇ ರೀತಿ ಹಳೆಯದಾಗಿರಬೇಕು. ತೋಳು ಎಷ್ಟು ಮಡಿಕೆ ಮಡಚಿತ್ತು ಅಂತ ಫೋಟೋ ಹೊಡೆದಿಟ್ಟುಕೊಳ್ಳದಿದ್ದರೆ ಮಾರನೇ ದಿನ ಒಂದು ಮಡಿಕೆಗೆ ಜಗಳ.

ಹೋದ ತಿಂಗಳು ಕಂಡಕ್ಟರ್ ಪಾತ್ರ ಇರುವ ಒಂದು ಸಿನಿಮಾ ಸಿಕ್ಕಿತು. ಕುಣಿದಾಡಿಬಿಟ್ಟೆ. ಅಪ್ಪ ರಿಟೈರ್ ಆಗಿ ಆರು ವರ್ಷ ಆಯ್ತು, ಶರ್ಟು ಬೀರುವಿನಲ್ಲಿರುತ್ತೆ ಅಂತ ರಾತ್ರಿ ಬಸ್ಸಿಗೇ ಊರಿಗೆ ಹೋದೆ. ಎಲ್ಲಾ ಕಡೆ ಹುಡುಕಿದ ಮೇಲೆ ಅಮ್ಮ ಅಡುಗೆಮನೆಯಿಂದ ಹೇಳಿದರು, "ಅಯ್ಯೋ, ಆ ಹರಕಲು ಶರ್ಟಾ? ಪಾತ್ರೆಯವನಿಗೆ ಕೊಟ್ಟೆ ಕಣೇ." ಮೂರು ಶರ್ಟು, ಎರಡು ಪ್ಯಾಂಟಿಗೆ ಒಂದು ಸ್ಟೀಲ್ ಡಬ್ಬಿ ಬಂದಿದೆ. ಅದರಲ್ಲಿ ಹುರಿಗಡಲೆ ಹಾಕಿಟ್ಟಿದ್ದಾರೆ.