ಬೆಳಗಿನ ಮೊದಲ ಯೂರಿನ್ ನಮಗೆ ಬೇಡ

ದಾವಣಗೆರೆಯ ಒಂದು ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂರುವುದು ನನ್ನ ಕೆಲಸ. ಸೈಟಾಲಜಿ ವಿಭಾಗ. ಕಫ, ಹೊಟ್ಟೆಯ ನೀರು, ಯೂರಿನ್, ಏನೇ ಬರಲಿ, ಅದರಲ್ಲಿ ಉದುರಿದ ಜೀವಕೋಶಗಳನ್ನು ಹುಡುಕುತ್ತೇವೆ.

ಯೂರಿನ್ ತರುವವರು ಬಹಳ ಮಂದಿ ಎದ್ದ ಕೂಡಲೇ ಹಿಡಿದದ್ದನ್ನೇ ತರುತ್ತಾರೆ. ಬೇರೆ ಟೆಸ್ಟುಗಳಿಂದ ಬಂದ ಅಭ್ಯಾಸ. ಬ್ಲಾಡರ್ (ಮೂತ್ರಚೀಲದ) ಕ್ಯಾನ್ಸರ್ ಹುಡುಕಲು ಅದು ಬೇಡ. ರಾತ್ರಿಯಿಡೀ ಮೂತ್ರದಲ್ಲಿ ನೆಂದ ಕೋಶಗಳು ಕೆಟ್ಟಿರುತ್ತವೆ, ಗುರುತು ಸಿಗುವುದಿಲ್ಲ. ಎರಡನೇ ಸಲ ಹೋದದ್ದು ಬೇಕು, ತಾಜಾ ಇರಬೇಕು. ಕೆಲವು ಡಾಕ್ಟರು ಮೂರು ದಿನ ಮೂರು ಸ್ಯಾಂಪಲ್ ಕೇಳುತ್ತಾರೆ. ಸುಮ್ನೆ ಅಲೆದಾಡಿಸುತ್ತಾರೆ ಎಂದು ಜನ ಗೊಣಗುತ್ತಾರೆ. ಕೋಶಗಳು ದಿನಾ ಉದುರುವುದಿಲ್ಲ, ಅದಕ್ಕೆ.

ಈ ಪರೀಕ್ಷೆ ಹಳೆಯದು. ಹೆಂಗಸರ ಪ್ಯಾಪ್ ಟೆಸ್ಟಿಗೆ ಹೆಸರು ಕೊಟ್ಟ ಪಾಪನಿಕೊಲಾವು, ಮಾರ್ಷಲ್ ಎಂಬ ಸರ್ಜನ್ ಜೊತೆ ಸೇರಿ 1945ರಲ್ಲೇ ಮೂತ್ರದಲ್ಲಿ ಸಿಗುವ ಕೋಶಗಳ ಬಗ್ಗೆ ಬರೆದಿದ್ದರು. ಸ್ಲೈಡಿಗೆ ನಾವು ಇವತ್ತಿಗೂ ಪಾಪನಿಕೊಲಾವು ಅವರ ಬಣ್ಣವನ್ನೇ ಹಾಕುತ್ತೇವೆ. ಹೈ ಗ್ರೇಡ್, ಅಂದರೆ ಜೋರಾಗಿ ಬೆಳೆಯುವ ಕ್ಯಾನ್ಸರ್ ಆದರೆ ಕೋಶ ಕಣ್ಣಿಗೆ ಹೊಡೆಯುತ್ತದೆ. ಕೋಶದೊಳಗಿನ ತಿರುಳು, ನ್ಯೂಕ್ಲಿಯಸ್, ಸುಟ್ಟ ರಾಗಿಕಾಳಿನ ಹಾಗೆ ಕಪ್ಪು, ಅಂಚು ಅಂಕುಡೊಂಕು, ಕೋಶದ ತುಂಬ ಅದೇ. ನಿಧಾನಕ್ಕೆ ಬೆಳೆಯುವ ಲೋ ಗ್ರೇಡ್ ಗಡ್ಡೆಯ ಕೋಶ ಮಾತ್ರ ನೋಡಲು ಹೆಚ್ಚುಕಮ್ಮಿ ಆರೋಗ್ಯವಂತ ಕೋಶದ ಥರವೇ ಇರುತ್ತದೆ. ಎಷ್ಟು ಹೊತ್ತು ನೋಡಿದರೂ ಅಷ್ಟೇ. ಅಂಥವರಿಗೂ ರಿಪೋರ್ಟಿನಲ್ಲಿ ನೆಗೆಟಿವ್ ಅಂತಲೇ ಹೋಗಿಬಿಡಬಹುದು.

ಕಣ್ಣಿಗೆ ಕಾಣದ್ದನ್ನು ಹಿಡಿಯಲು ಬಂದವೇ ಬಯೋಮಾರ್ಕರ್‌ಗಳು, ಅಂದರೆ ರೋಗದ ಸುಳಿವು ಕೊಡುವ ಪ್ರೋಟೀನ್, ಜೀನ್ ಮುಂತಾದ ಗುರುತುಗಳು. ಎನ್‌ಎಂಪಿ22 ಎಂಬುದು ಕೋಶದ ನ್ಯೂಕ್ಲಿಯಸ್‌ನಿಂದ ಮೂತ್ರಕ್ಕೆ ಸೇರುವ ಪ್ರೋಟೀನ್. ಟೆಸ್ಟ್ ಸುಲಭ, ಕಿಟ್ ಮೇಲೆ ಗೆರೆ ಬರುತ್ತದೆ. ಆದರೆ ಕಲ್ಲು ಇದ್ದರೂ, ಇನ್‌ಫೆಕ್ಷನ್ ಇದ್ದರೂ ಅದು ಏರುತ್ತದೆ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಕಿಡ್ನಿ ಸ್ಟೋನ್ ಇಲ್ಲದ ಬೀದಿ ತೋರಿಸಿ ನೋಡೋಣ! ಫಿಶ್ ಎಂಬ ಇನ್ನೊಂದು ವಿಧಾನದಲ್ಲಿ 3, 7, 17ನೇ ಕ್ರೋಮೋಸೋಮ್‌ಗಳು ಜಾಸ್ತಿ ಆಗಿವೆಯೇ, 9ನೆಯದರ ಒಂದು ತುಂಡು ಕಳೆದಿದೆಯೇ ಎಂದು ಬಣ್ಣದ ಚುಕ್ಕೆಗಳಲ್ಲಿ ಎಣಿಸುತ್ತಾರೆ. ಚೆಂದದ ಕೆಲಸ, ಆದರೆ ದುಬಾರಿ.

ನನಗೆ ತುಂಬಾ ಹಿಡಿಸಿದ್ದು ಟರ್ಟ್ ಎಂಬ ಜೀನಿನ ಕಥೆ. ಕೋಶ ಮುಪ್ಪಾಗದೆ ಒಡೆಯುತ್ತಲೇ ಇರಲು ಬೇಕಾದ ಟೆಲೊಮರೇಸ್ ಎಂಬ ಕಿಣ್ವ ಇದರಿಂದ ಬರುತ್ತದೆ. ಆ ಜೀನಿನ ಸ್ವಿಚ್ಚಿನ ಜಾಗದಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿರುವುದು ಬ್ಲಾಡರ್ ಕ್ಯಾನ್ಸರ್‌ಗಳಲ್ಲಿ ಬಹಳ ಸಾಮಾನ್ಯ. ಲೋ ಗ್ರೇಡ್‌ನಲ್ಲೂ ಇರುತ್ತದೆ. ಇರಾನಿನ ಗೋಲೆಸ್ತಾನ್ ಪ್ರಾಂತ್ಯದಲ್ಲಿ ಸುಮಾರು 50,000 ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಯುತ್ತಿದೆ. ಅಲ್ಲಿ ತೆಗೆದಿಟ್ಟಿದ್ದ ಹಳೆಯ ಯೂರಿನ್ ಸ್ಯಾಂಪಲ್‌ಗಳನ್ನು ಪರೀಕ್ಷಿಸಿದರು. ಮುಂದೆ ಬ್ಲಾಡರ್ ಕ್ಯಾನ್ಸರ್ ಆದವರಲ್ಲಿ ಹತ್ತಿರ ಹತ್ತಿರ ಅರ್ಧ ಮಂದಿಯ ಮೂತ್ರದಲ್ಲಿ ಆ ಬದಲಾವಣೆ ಮೊದಲೇ ಇತ್ತು. ಕೆಲವರಲ್ಲಂತೂ ರೋಗ ಪತ್ತೆಯಾಗುವ 10 ವರ್ಷ ಮುಂಚೆ! ಕ್ಯಾನ್ಸರ್ ಆಗದವರ ಸ್ಯಾಂಪಲ್‌ಗಳಲ್ಲಿ ಕಾಣಲಿಲ್ಲ. 2020ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದವರ ಸಂಖ್ಯೆ ಚಿಕ್ಕದು, ಅದನ್ನು ಮರೆಯಬಾರದು. ಆದರೂ ಓದಿದ ದಿನ ನನ್ನ ಸ್ಲೈಡ್‌ಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡಿದೆ.

"ಹಂಗಾದ್ರೆ ಯೂರಿನ್ ಟೆಸ್ಟೇ ಸಾಕಲ್ವಾ, ಪೈಪ್ ಯಾಕೆ ಹಾಕ್ತಾರೆ?" ಇದು ಎಲ್ಲರ ಪ್ರಶ್ನೆ. ಮೂತ್ರದ ದಾರಿಯಲ್ಲಿ ಕ್ಯಾಮೆರಾ ಪೈಪ್ ಹಾಕಿ ಬ್ಲಾಡರ್ ಒಳಗೆ ನೋಡುವ ಸಿಸ್ಟೋಸ್ಕೋಪಿಯ ಭಯ ನನಗೆ ಅರ್ಥವಾಗುತ್ತದೆ. ಈ ಕ್ಯಾನ್ಸರ್ ಮರಳಿ ಮರಳಿ ಬರುವ ಜಾತಿಯದು. ಒಮ್ಮೆ ಬಂದವರಲ್ಲಿ ಹಲವರು ಶುರುವಿನಲ್ಲಿ ಮೂರು ತಿಂಗಳಿಗೊಮ್ಮೆ ಆ ಮೇಜಿನ ಮೇಲೆ ಮಲಗಬೇಕು. ಅಂಥವರಿಗೆ ಒಳ್ಳೆಯ ಮಾರ್ಕರ್ ಸಿಕ್ಕರೆ ಕೆಲವು ಸಲವಾದರೂ ತಪ್ಪುತ್ತದೆ, ಅದು ದೊಡ್ಡ ಉಪಕಾರವೇ. ಆದರೆ ಮೂತ್ರದಲ್ಲಿ ರಕ್ತ ಕಂಡವರು, ಅದರಲ್ಲೂ ಬೀಡಿ ಸಿಗರೇಟು ಸೇದುವವರು, ನನ್ನ ನೆಗೆಟಿವ್ ರಿಪೋರ್ಟ್ ಜೇಬಿಗಿಟ್ಟು ಮನೆಗೆ ಹೋಗಬೇಡಿ. ಈ ರಕ್ತ ಎಷ್ಟೋ ಸಲ ಒಂದು ದಿನ ಬಂದು ನಿಂತುಬಿಡುತ್ತದೆ, ನೋವೂ ಇರುವುದಿಲ್ಲ. "ಉಷ್ಣ ಆಗಿದೆ" ಎಂದು ಎಳನೀರು ಕುಡಿದು ಸುಮ್ಮನಾಗುತ್ತಾರೆ. ಹೆಂಗಸರ ಕಥೆ ಇನ್ನೂ ಕಷ್ಟ. ಇನ್‌ಫೆಕ್ಷನ್ ಎಂದೋ ಮುಟ್ಟಿನದು ಎಂದೋ ಮಾತ್ರೆ ಮೇಲೆ ಮಾತ್ರೆ ಕೊಡುತ್ತಾರೆ, ಪತ್ತೆಯಾಗುವಾಗ ತಡವಾಗಿರುತ್ತದೆ.

ನಮ್ಮ ಕಡೆಯಿಂದ ಒಂದು ಬೇಡಿಕೆ ಇದೆ. ಫಾರ್ಮಿನಲ್ಲಿ ಬರೀ 'ಯೂರಿನ್ ಸೈಟಾಲಜಿ' ಎಂದು ಬರೆದು ಕಳಿಸಿದರೆ ನಮಗೆ ಕಷ್ಟ. ಕಲ್ಲು ಇದೆಯಾ, ಮೂತ್ರದ ನಳಿಕೆ (ಕ್ಯಾತಿಟರ್) ಹಾಕಿದ್ದರಾ, ಕ್ಯಾನ್ಸರ್ ಮರಳದಂತೆ ಬ್ಲಾಡರ್ ಒಳಗೆ ಬಿಸಿಜಿ ಔಷಧಿ ಹಾಕಿಸಿಕೊಂಡಿದ್ದೀರಾ, ಇವೆಲ್ಲ ಕೋಶದ ರೂಪವನ್ನೇ ಬದಲಿಸುತ್ತವೆ. ಡಾಕ್ಟರು ಬರೆಯದಿದ್ದರೆ ಕೌಂಟರಿನಲ್ಲಿ ಬಾಟಲಿ ಕೊಡುವಾಗ ನೀವೇ ಬಾಯಿಬಿಟ್ಟು ಹೇಳಿ, ನಾವೇ ಬರೆದುಕೊಳ್ಳುತ್ತೇವೆ.